ಚಿಲ್ಲರೆಗೆ ಹತ್ತು ದಿನದ ಗಡುವು

ಮೂವತ್ತನಾಲ್ಕು ವರ್ಷ ಬಸ್ಸಿನಲ್ಲಿ ಸೀಟಿ ಊದಿದವನು ನಾನು. ಅರವತ್ತು ಜನ ಕೂರುವ ಬಸ್ಸಿಗೆ ನೂರಾ ಹತ್ತು ಜನರನ್ನು ತುಂಬಿ, ಹಿಂದಿನ ಬಾಗಿಲಲ್ಲಿ ಒಂಟಿಕಾಲಲ್ಲಿ ನಿಂತು, ಒಂದೇ ಒಂದು ಉದ್ದ ಸೀಟಿಗೆ ಅಷ್ಟು ದೊಡ್ಡ ಗಾಡಿಯನ್ನು ಇದ್ದ ಜಾಗದಲ್ಲೇ ನಿಲ್ಲಿಸಿದ ಶೂರ! ಎರಡು ಗಿಡ್ಡ ಸೀಟಿ ಊದಿದರೆ ಅದು ತೆಪ್ಪಗೆ ಹೊರಡಬೇಕು. ಶಾಲೆಗೆ ಹೋದದ್ದು ಎರಡನೇ ತರಗತಿಯವರೆಗೆ ಮಾತ್ರ. ಉಳಿದ ಅಕ್ಷರಗಳನ್ನೆಲ್ಲ ದಾರಿಬದಿಯ ಅಂಗಡಿ ಬೋರ್ಡುಗಳನ್ನು ಓದಿ ಓದಿ ನಾನೇ ಕಲಿತೆ. ಇಂಥ ನಾನು, ಒಂದು ಹಿಡಿಯಷ್ಟಿರುವ ನಾಯಿಮರಿಗೆ ಎಲ್ಲಿ ಉಚ್ಚೆ ಹೊಯ್ಯಬೇಕೆಂದು ಕಲಿಸಲಾರೆನೆ? "ಹತ್ತು ದಿನ ಯಾಕೆ, ಐದೇ ದಿನ ಸಾಕು!" ಎಂದು ಎಲ್ಲರೆದುರು ಮೀಸೆ ತಿರುವಿಬಿಟ್ಟೆ.

ಆ ಮೀಸೆ ಈಗ ಜೋತುಬಿದ್ದಿದೆ. ಯಾಕೆಂದು ಹೇಳುತ್ತೇನೆ, ಕೇಳಿ.

ನಾವಿರುವುದು ಆರು ಮಹಡಿಯ ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯಲ್ಲಿ. ನನ್ನವಳು ಬಟ್ಟೆ ಹೊಲಿಯುವವಳು. ಹೋದ ವರ್ಷ ಇದೇ ಕಟ್ಟಡದ ಮೆಟ್ಟಿಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಳು. ಮೂಳೆ ಕೂಡಿಕೊಂಡಿತು, ಧೈರ್ಯ ಮಾತ್ರ ಕೂಡಿಕೊಳ್ಳಲಿಲ್ಲ. "ನಡೀಬೇಕಮ್ಮ, ಕೂತೇ ಇದ್ರೆ ಕಾಲು ಮರಗಟ್ಟಿಬಿಡುತ್ತೆ" ಎಂದು ಡಾಕ್ಟರು ಹೇಳಿದ್ದೇ ಬಂತು. ಎಂಟು ತಿಂಗಳು ಹೊಲಿಗೆ ಯಂತ್ರದ ಮುಂದಿನ ಕುರ್ಚಿ ಬಿಟ್ಟು ಕದಲಲಿಲ್ಲ. ಆಗ ನಮ್ಮ ವಾಚ್‌ಮನ್ ಕಾರಿನಡಿ ಸಿಕ್ಕ ಈ ಮರಿಯನ್ನು ತಂದು, "ಸ್ವಲ್ಪ ಹೊತ್ತು ಇಟ್ಕೊಂಡಿರಿ ಅಮ್ಮಾ" ಎಂದು ಅವಳ ಮಡಿಲಿಗೆ ಹಾಕಿ ಹೋದ. ಮರಿ ಬಾಲ್ಕನಿಗೆ ಓಡಿತು. ಕೋಲೂರಿಕೊಂಡು ಇವಳೂ ಹೋದಳು. ಅದು ಅಡುಗೆಮನೆಗೆ ಓಡಿತು, ಇವಳೂ ಹಿಂದೆಯೇ. ಮೂರು ವಾರದಲ್ಲಿ ಲಿಫ್ಟಿನವರೆಗೆ ನಡೆದಳು! ಡಾಕ್ಟರು, ಮಾತ್ರೆ, ನಾನು, ಮೂವರೂ ಸೇರಿ ಮಾಡಲಾಗದ್ದನ್ನು ಆ ಪಿಳ್ಳೆ ಮಾಡಿತು. ನಾನು ಅದಕ್ಕೆ ಚಿಲ್ಲರೆ ಎಂದು ಹೆಸರಿಟ್ಟೆ. ಕಂಡಕ್ಟರ್ ಆದವನಿಗೆ ಜೀವಮಾನವೆಲ್ಲ ಬೇಕಾಗಿ ಸಿಗದೇ ಹೋದದ್ದು ಅದೊಂದೇ!

ಆದರೆ ಚಿಲ್ಲರೆ ಮೊದಲನೆಯ ಸಲ ಲಿಫ್ಟಿನಲ್ಲಿ ಹೊಯ್ದಿತು. ಎರಡನೆಯ ಸಲ ಪಕ್ಕದ ಮನೆಯವರ ಕಾಲೊರಸಿನ ಮೇಲೆ. ಮೂರನೆಯ ಸಲ ನಮ್ಮ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಗಳ ಬೂಟಿನೊಳಗೆ. ಒಳಗೆ! ಗುರಿ ತಪ್ಪದೆ!

ಈ ಕಾರ್ಯದರ್ಶಿಗಳು ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದವರು. ಬಗಲಲ್ಲಿ ಸದಾ ಒಂದು ರಿಜಿಸ್ಟರು, ಜೇಬಿನಲ್ಲಿ ಒಂದು ಟಾರ್ಚು. ಒದ್ದೆ ಬೂಟನ್ನು ಎರಡು ಬೆರಳಲ್ಲಿ ಹಿಡಿದು ನಮ್ಮ ಬಾಗಿಲಿಗೆ ಬಂದರು.

"ಯಜಮಾನ್ರೇ, ಹತ್ತು ದಿನ ಟೈಮು. ಹತ್ತನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ನಾನೇ ಬಂದು ನೋಡ್ತೀನಿ. ಮೆಟ್ಟಿಲು, ವರಾಂಡ, ಲಿಫ್ಟು, ಎಲ್ಲೇ ಒಂದು ಹನಿ ಕಂಡ್ರೂ ಸಂಜೆಯೊಳಗೆ ಮರಿ ಆಚೆ!"

"ಒಂದು ಹನಿ ಅಂದ್ರೆ ಎಷ್ಟು ಸಾರ್?"

"ಹನಿ ಅಂದ್ರೆ ಹನಿ! ಅಳತೆ ನನಗೆ ಹೇಳ್ಕೊಡ್ತೀರಾ?"

ಅವರು ಹೋದ ಮೇಲೆ ನನ್ನವಳು ಮರಿಯನ್ನು ಎದೆಗವಚಿಕೊಂಡು, "ರೀ, ಇದು ಹೋದ್ರೆ ನಾನು ಮತ್ತೆ ಆ ಕುರ್ಚಿಗೇ" ಎಂದಳು. ಅಷ್ಟೇ. ಐದೇ ದಿನ ಸಾಕೆಂದು ಮೀಸೆ ತಿರುವಿದ್ದ ಕೈ ತಾನಾಗಿ ಕೆಳಗಿಳಿಯಿತು.

ಮರುದಿನ ಬೆಳಿಗ್ಗೆಯಿಂದ ನನ್ನ ವಿದ್ಯಾಪೀಠ ಆರಂಭವಾಯಿತು. ಪೆಟ್ಟಿಗೆಯ ತಳದಿಂದ ಹಳೆಯ ಹಿತ್ತಾಳೆ ಸೀಟಿ ತೆಗೆದು ಕೊರಳಿಗೆ ಹಾಕಿಕೊಂಡೆ. ಕಟ್ಟಡದ ಹಿಂದೆ, ಕಾಂಪೌಂಡ್ ಗೋಡೆಯಾಚೆ, ಒಂದು ಮರದ ಬುಡದಲ್ಲಿ ನಾಲ್ಕು ಹೆಜ್ಜೆ ಮಣ್ಣಿದೆ. ಅದೇ ನಮ್ಮ ನಿಲ್ದಾಣ. ಒಂದು ಉದ್ದ ಸೀಟಿ ಎಂದರೆ 'ನಿಲ್ಲು, ಹೊಯ್ಯಿ'. ಎರಡು ಗಿಡ್ಡ ಸೀಟಿ ಎಂದರೆ 'ಮುಗೀತು, ನಡಿ'.

"ರೀ, ಅದು ನಾಯಿಮರಿ. ನಿಮ್ಮ ಬಸ್ಸಲ್ಲ."

"ಬಸ್ಸೂ ಮೊದಮೊದಲು ಹೀಗೇ ಮೊಂಡು ಮಾಡ್ತಿತ್ತು. ನೀನು ಸುಮ್ನೆ ನೋಡ್ತಿರು."

ಅವಳು ನೋಡಿದಳು. ಮೊದಲ ದಿನ ಮರದಡಿ ಇಪ್ಪತ್ತು ನಿಮಿಷ ಸೀಟಿ ಊದಿದೆ. ಚಿಲ್ಲರೆ ನನ್ನ ಬಾಯನ್ನೇ ನೋಡುತ್ತ ಕಿವಿ ಕೆರೆದುಕೊಂಡಿತು. ಮೇಲೆ ಬಂದು ಬಾಗಿಲು ತೆಗೆದದ್ದೇ ತಡ, ಇವಳು ಕತ್ತರಿಸಿಟ್ಟಿದ್ದ ರೇಷ್ಮೆ ಬಟ್ಟೆಯ ಮೇಲೆ ಹೊಳೆ ಹರಿಸಿತು. ಎರಡನೆಯ ದಿನ ಅದು ಮುಖ ಗಂಟಿಕ್ಕಿದ್ದು ಕಂಡು ಎತ್ತಿಕೊಂಡು ಲಿಫ್ಟಿಗೆ ಓಡಿದೆ. ಲಿಫ್ಟು ಆರನೇ ಮಹಡಿಯಲ್ಲಿ! ಬರುವಷ್ಟರಲ್ಲಿ ನನ್ನ ಅಂಗಿ, ಬನಿಯನ್ನು, ಹೊಟ್ಟೆ ಎಲ್ಲ ಬೆಚ್ಚಗಾಯಿತು. ನೆಲಕ್ಕೆ ಒಂದು ಹನಿಯೂ ಬೀಳದಂತೆ ಅಂಗಿಯನ್ನು ತೊಟ್ಟಿಲು ಮಾಡಿಕೊಂಡು ಹಿಂದಕ್ಕೆ ನಡೆದೆ.

ಮೂರನೆಯ ದಿನ ಇನ್ನೊಂದು ಅನಾಹುತ. ಚಿಲ್ಲರೆ ಕೊನೆಗೂ ಮರದಡಿ ಕುಕ್ಕರಿಸಿ ಕೆಲಸ ಮುಗಿಸಿತು! ಖುಷಿಗೆ ಎರಡು ಗಿಡ್ಡ ಸೀಟಿ ಬಲವಾಗಿ ಊದಿದೆ. ಗೋಡೆಯೊಳಗೆ ಸಾಮಾನಿನ ವ್ಯಾನು ಹಿಂದಕ್ಕೆ ತೆಗೆಯಲು ಕಾದಿದ್ದ ಡ್ರೈವರು, ವಾಚ್‌ಮನ್ನೇ 'ಬಾ' ಅಂದನೆಂದು ತಿಳಿದು ಸರ್ರನೆ ಬಂದೇಬಿಟ್ಟ. ಕಾರ್ಯದರ್ಶಿಗಳು ಮಕ್ಕಳಂತೆ ಸಾಕಿದ್ದ ಮೂರು ಹೂಕುಂಡ ಪುಡಿಪುಡಿ! ಅವರು ಓಡಿಬಂದು ಮೊದಲು ಕುಂಡ ನೋಡಿದರು, ಆಮೇಲೆ ನನ್ನ ಸೀಟಿ ನೋಡಿದರು, ಆಮೇಲೆ ರಿಜಿಸ್ಟರು ತೆಗೆದರು.

"ಇನ್ನು ಈ ಕಾಂಪೌಂಡಿನ ಹತ್ರ ವಾಚ್‌ಮನ್ ಬಿಟ್ರೆ ಯಾರೂ ಸೀಟಿ ಊದೋ ಹಾಗಿಲ್ಲ. ನಿಮ್ಮ ಮರಿಗೆ ಏಳು ದಿನ ಉಳಿದಿದೆ ಯಜಮಾನ್ರೇ. ಅದೂ ನಿಮ್ಮ ಮುಖ ನೋಡಿ ಅಲ್ಲ, ಅಮ್ಮನವರ ಕಾಲು ನೋಡಿ."

ಹಿತ್ತಾಳೆ ಸೀಟಿ ಪೆಟ್ಟಿಗೆಗೆ ಮರಳಿತು. ನಾನು ಬಿಟ್ಟೇನೆ? ತುಟಿ ಮಡಚಿ ಬಾಯಲ್ಲೇ ಮೆಲ್ಲಗೆ ಸೀಟಿ ಹೊಡೆಯತೊಡಗಿದೆ. ಎದ್ದ ಕೂಡಲೇ ಒಮ್ಮೆ, ಉಂಡ ಕೂಡಲೇ ಒಮ್ಮೆ, ಆಡಿ ದಣಿದ ಮೇಲೆ ಒಮ್ಮೆ, ಹೀಗೆ ದಿನಕ್ಕೆ ಎಂಟು ಸಲ ಇಳಿದೆವು, ಎಂಟು ಸಲ ಹತ್ತಿದೆವು. ನಿಜ ಹೇಳುತ್ತೇನೆ, ಹೊತ್ತು ಗುರುತಿಸಿದ್ದು ನಾನಲ್ಲ, ನನ್ನವಳು. "ಮೂಗು ನೆಲಕ್ಕಿಟ್ಟು ದುಂಡಗೆ ಸುತ್ತೋಕೆ ಶುರುಮಾಡ್ತು ನೋಡಿ, ಎತ್ಕೊಳ್ಳಿ!" ಎಂದು ಹೊಲಿಗೆ ಯಂತ್ರದಿಂದಲೇ ಕೂಗುತ್ತಿದ್ದಳು. ಕೀರ್ತಿ ಮಾತ್ರ ಊರೆಲ್ಲ ನನ್ನದೆಂದೇ ಹೇಳಿಕೊಂಡು ತಿರುಗಿದೆ. ಏಳನೆಯ ದಿನಕ್ಕೆ ಮರಿ ಪಕ್ಕಾ ಆಯಿತು. ಮಣ್ಣು ಕಂಡು, ಸೀಟಿ ಕೇಳಿದರೆ ಮಾತ್ರ ಕುಕ್ಕರಿಸುತ್ತಿತ್ತು.

ಹತ್ತನೆಯ ದಿನ ಬಂತು. ಹನ್ನೊಂದಕ್ಕೆ ಪರೀಕ್ಷೆ. ಹತ್ತೂವರೆಗೆ ಚಿಲ್ಲರೆ ಒಂದು ಬಟ್ಟಲು ನೀರು ಲೊಚಲೊಚನೆ ಖಾಲಿ ಮಾಡಿತು. ಇವಳು ಕೂಗಿಕೊಂಡಳು. "ಈಗಲೇ ಕೆಳಗೆ ಹೋಗಿ ಖಾಲಿ ಮಾಡಿಸ್ಕೊಂಡು ಬನ್ನಿ! ಅಯ್ಯೋ, ನಿಮ್ಮ ಮಾತ್ರೆ! ಪೂರ್ತಿ ಲೋಟ ನೀರು ಕುಡೀರಿ, ಅರ್ಧಕ್ಕೆ ಬಿಡ್ಬೇಡಿ." ಗಟಗಟನೆ ಕುಡಿದು, ಮರಿ ಎತ್ತಿಕೊಂಡು ಲಿಫ್ಟು ಹೊಕ್ಕೆ.

ಮೂರನೇ ಮಹಡಿ ದಾಟಿತು. ಎರಡನೆಯದು ಇನ್ನೇನು ಬರಬೇಕು. ಕಟ್!

ಕರೆಂಟು ಹೋಯಿತು. ಮೇಲೊಂದು ಮಿಣುಕು ದೀಪ ಹೊತ್ತಿಕೊಂಡಿತು. ಇಬ್ಬರೂ ಎರಡು ಮಹಡಿಗಳ ಮಧ್ಯದಲ್ಲಿ ನೇತಾಡುತ್ತಿದ್ದೆವು. ಒಬ್ಬನ ಹೊಟ್ಟೆಯಲ್ಲಿ ಒಂದು ಬಟ್ಟಲು ನೀರು, ಇನ್ನೊಬ್ಬನ ಹೊಟ್ಟೆಯಲ್ಲಿ ಒಂದು ಲೋಟ.

ಗಂಟೆ ಒತ್ತಿದೆ. ಬಾಗಿಲು ಬಡಿದೆ. ಹತ್ತು ನಿಮಿಷದ ಮೇಲೆ ಹೊರಗಿನಿಂದ ಟಕ್, ಟಕ್ ಎಂಬ ಸದ್ದು ಇಳಿದು ಬಂತು. ಕೋಲಿನ ಸದ್ದು! ನನ್ನವಳು ಮೆಟ್ಟಿಲಿಳಿದು ಬರುತ್ತಿದ್ದಳು. ಬಿದ್ದ ದಿನದಿಂದ ಆ ಮೆಟ್ಟಿಲನ್ನು ತಿರುಗಿಯೂ ನೋಡಿರಲಿಲ್ಲ ಅವಳು.

"ರೀ! ಇದ್ದೀರಾ?"

"ಎಲ್ಲಿಗೆ ಹೋಗ್ಲಿ? ನೀನ್ಯಾಕೇ ಮೆಟ್ಟಿಲಲ್ಲಿ ಬಂದೆ?"

"ಅದಿರ್ಲಿ. ಮಾಡ್ತಾ?"

"ಇಲ್ಲ!"

"ಸುತ್ತುತ್ತಿದೆಯಾ?"

"ಇಲ್ಲ ಕಣೇ, ಕೂತಿದೆ."

"ಮಾತಾಡಿಸ್ತಾ ಇರಿ! ಸೀಟಿ ಗೀಟಿ ಹೊಡೆದೀರಿ ಮತ್ತೆ, ಹುಷಾರ್! ನಾನು ಕೆಳಗೆ ಹೋಗಿ ಆ ಕಾರ್ಯದರ್ಶಿಗಳನ್ನ ಹಿಡ್ಕೊಂಡಿರ್ತೀನಿ."

ಕೋಲಿನ ಸದ್ದು ಕೆಳಗಿಳಿಯಿತು. ನಾನು ಮಾತಾಡಿಸಿದೆ. ನಾನು ಕಂಡ ಬಸ್ಸುಗಳ ಕಥೆ, ಡ್ರೈವರುಗಳ ಕಥೆ ಎಲ್ಲ ಹೇಳಿದೆ. ಹನ್ನೊಂದು ಹೊಡೆಯಿತು. ಹನ್ನೊಂದೂಕಾಲು. ನನ್ನ ಕಣ್ಣು ಮರಿಯ ಬಾಲದ ಮೇಲೆಯೇ. ಬಾಲ ಅಲ್ಲಾಡಿದರೆ ನನ್ನ ಜೀವ ಅಲ್ಲಾಡುತ್ತಿತ್ತು. ಅದು ಆಕಳಿಸಿತು, ನನ್ನ ಚಪ್ಪಲಿಯ ಮೇಲೆ ಗಲ್ಲವಿಟ್ಟು ಮಲಗಿತು. ಗಟ್ಟಿಪಿಂಡ!

ಆಗ ಹೊರಗೆ, ಲಿಫ್ಟು ರಿಪೇರಿಯವನಿಗೆ ನಮ್ಮ ಗೇಟು ಯಾವುದೆಂದು ತೋರಿಸಲು ವಾಚ್‌ಮನ್ ಸೀಟಿ ಊದಿದ.

ಒಂದು ಉದ್ದ ಸೀಟಿ!

ಚಿಲ್ಲರೆ ಎದ್ದು ನಿಂತಿತು. ಅದು ನೆಲ ಮೂಸಿತು. ಒಂದು ಸುತ್ತು ಹಾಕಿತು. "ಬೇಡ ಕಂದಾ, ಬೇಡ ನನ್ನಪ್ಪಾ..." ಮತ್ತೆ ಮೂಸಿತು. ಮಣ್ಣಿಲ್ಲ. ನನ್ನ ಮುಖ ನೋಡಿತು, ಹೋಗಲಿ ಬಿಡು ಎಂಬಂತೆ ಮತ್ತೆ ಮಲಗಿತು. ಗೆದ್ದೆ! ಎಂದು ಕೂಗಬೇಕು, ಅಷ್ಟರಲ್ಲಿ ವಾಚ್‌ಮನ್ ಮತ್ತೆ ಊದಿದ. ಇನ್ನೂ ಉದ್ದ.

ಈಗ ತೊಡೆ ಬಿಗಿಹಿಡಿದು ಒಂಟಿಕಾಲಲ್ಲಿ ನಿಂತವನು ನಾನು!

ಮೂವತ್ತನಾಲ್ಕು ವರ್ಷ ಉದ್ದ ಸೀಟಿ ಎಂದರೆ ನಿಲ್ದಾಣ, ನಿಲ್ದಾಣವೆಂದರೆ ಇಳಿದು ಗೋಡೆಯ ಮರೆಗೆ ಓಟ. ಅದು ಸಾಲದೆಂದು ಈ ಏಳು ದಿನ, ದಿನಕ್ಕೆಂಟು ಸಲ, ಮರಿಗೆ ಸೀಟಿ ಹೊಡೆದು ಮೇಲೆ ಬಂದು ನಾನೂ ನೇರ ಬಚ್ಚಲಿಗೆ ನುಗ್ಗುತ್ತಿದ್ದೆ. ಮಣ್ಣು ನೋಡಿ ಹೊಯ್ಯಬೇಕೆಂದು ಮರಿಗೆ ಕಲಿಸಿದೆ, ನನ್ನ ಒಡಲಿಗೆ ಬರೀ ಸೀಟಿ ಕಲಿಸಿಬಿಟ್ಟಿದ್ದೆ! ಬೆವರಿದೆ. ಹಲ್ಲು ಕಚ್ಚಿದೆ. ಡಿಪೋಗಳ ಹೆಸರನ್ನೆಲ್ಲ ಮೊದಲಿಂದ ಕೊನೆಗೆ, ಕೊನೆಯಿಂದ ಮೊದಲಿಗೆ ಹೇಳಿದೆ. ವಾಚ್‌ಮನ್ ಮೂರನೆಯ ಸಲ ಊದಿದ. ಆ ಮಹಾನುಭಾವನ ಶ್ವಾಸಕೋಶಕ್ಕೆ ಏನು ಬಲ!

"ಚಿಲ್ಲರೆ, ಆ ಕಡೆ ತಿರುಗೋ" ಎಂದೆ. ವಿಧೇಯ ಪ್ರಾಣಿ, ತಿರುಗಿತು. ನಾನು ಈ ಕಡೆಯ ಮೂಲೆಗೆ ತಿರುಗಿದೆ.

ಮುಂದಿನದನ್ನು ಬರೆಯಲು ಈ ಕೈಗೆ ನಾಚಿಕೆಯಾಗುತ್ತದೆ.

ಪ್ಯಾಂಟಿನ ಗುಂಡಿ ಹಾಕಿದ ಅರೆಗಳಿಗೆಯಲ್ಲಿ ಕರೆಂಟು ಬಂತು! ಇನ್ನೊಂದು ಹತ್ತು ನಿಮಿಷ ಮೊದಲು ಬಂದಿದ್ದರೆ ಅದರ ಗಂಟೇನು ಹೋಗುತ್ತಿತ್ತು? ಲಿಫ್ಟು ಜುಮ್ಮನೆ ಇಳಿದು ಬಾಗಿಲು ತೆರೆಯಿತು. ಎದುರಿಗೆ ಕಾರ್ಯದರ್ಶಿಗಳು, ರಿಜಿಸ್ಟರು, ಟಾರ್ಚು. ಪಕ್ಕದಲ್ಲಿ ನನ್ನವಳು. ಹಿಂದೆ ಹತ್ತಿಪ್ಪತ್ತು ಜನ. ಟಾರ್ಚಿನ ಬೆಳಕು ನೇರವಾಗಿ ಮೂಲೆಗೆ ಹೋಗಿ ನಿಂತಿತು. ಅಲ್ಲಿ ಸಣ್ಣದೊಂದು ಕೆರೆ ಥಳಥಳಿಸುತ್ತಿತ್ತು.

"ಹ್ಞೂಂ! ಇದೇನು ಒಂದು ಹನಿನಾ?" ಪೆನ್ನಿನ ಮುಚ್ಚಳ ತೆಗೆದರು. "ಸಂಜೆಯೊಳಗೆ ಮರಿ ಆಚೆ."

ನಾನು ಸುಮ್ಮನೆ ನಿಂತೆ. ಹೌದು, ಸುಮ್ಮನೆ! ಇಷ್ಟು ಜನರ ಮುಂದೆ ಮಾನ ದೊಡ್ಡದೋ, ನಾಯಿಮರಿ ದೊಡ್ಡದೋ ಎಂದು ತೂಗುತ್ತಿದ್ದೆ. ನನ್ನವಳು ಮರಿಯನ್ನೂ ನೋಡಲಿಲ್ಲ. ನಾಲ್ಕು ಮಹಡಿ ಇಳಿಸಿದ್ದ ಕೋಲನ್ನು ಗೋಡೆಗೊರಗಿಸಿ, "ಒಂದು ಕುರ್ಚಿ ಕೊಡಪ್ಪಾ" ಎಂದು ವಾಚ್‌ಮನ್ನನ್ನು ಕೇಳಿದಳು.

ಆ ಕುರ್ಚಿ ಎಂಬ ಮಾತು ನನ್ನ ಬಾಯಿ ಬಿಡಿಸಿತು.

"ಸಾರ್, ಅದು ಮರೀದಲ್ಲ. ನಂದು."

ಕಾರ್ಯದರ್ಶಿಗಳು ಕನ್ನಡಕ ತೆಗೆದು ಮರುಕದಿಂದ ನೋಡಿದರು. "ಯಜಮಾನ್ರೇ, ನಾಯಿ ಮೇಲೆ ಪ್ರೀತಿ ಇರ್ಲಿ. ಹಾಗಂತ ಈ ವಯಸ್ಸಲ್ಲಿ ಇಂಥಾ ಸುಳ್ಳು ಹೇಳಿ ಮರ್ಯಾದೆ ಕಳ್ಕೋಬೇಡಿ."

"ಸುಳ್ಳಲ್ಲ ಸಾರ್! ನಾನೇ ಮಾಡಿದ್ದು!"

"ಮೂವತ್ತನಾಲ್ಕು ವರ್ಷ ಸರ್ವೀಸು ಮಾಡಿದೋರು ಹೀಗೆಲ್ಲ ಮಾಡ್ತಾರಾ? ಯಾರಾದ್ರೂ ನಂಬ್ತಾರಾ?"

"ನಂಬಿ ಸಾರ್, ದಯವಿಟ್ಟು ನಂಬಿ! ನಾನೇ, ನಾನೊಬ್ಬನೇ!" ಕೈ ಮುಗಿದು ಬೇಡಿಕೊಂಡೆ. ಹೇಳಿಕೊಳ್ಳಲು ನಾಚಿ ಸಾಯುತ್ತಿದ್ದವನು ಈಗ ನಂಬಿಸಲು ಸಾಯುತ್ತಿದ್ದೆ!

ಅಷ್ಟರಲ್ಲಿ ಚಿಲ್ಲರೆ ಎಲ್ಲರ ಕಾಲಸಂದಿಯಿಂದ ನುಸುಳಿ ಹೊರಗೋಡಿತು. ನೆರೆದವರೆಲ್ಲ ಹಿಂದೆ ಓಡಿದರು. ಗೇಟು ದಾಟಿ, ಗೋಡೆ ಸುತ್ತಿ, ಮರದಡಿಯ ಮಣ್ಣು ಸೇರಿ, ಸೀಟಿಗೂ ಕಾಯದೆ ಕುಕ್ಕರಿಸಿತು. ಹೊಯ್ದಿತು. ಹೊಯ್ಯುತ್ತಲೇ ಇತ್ತು. ಕಾರ್ಯದರ್ಶಿಗಳು ಗಡಿಯಾರ ನೋಡಿದರು, ಮಣ್ಣು ನೋಡಿದರು, ಬಗ್ಗಿ ಮರಿಯ ಹೊಟ್ಟೆಯ ಸುತ್ತಳತೆ ನೋಡಿದರು. ತಿರುಗಿ ಲಿಫ್ಟಿನವರೆಗೆ ಹೋಗಿ ಮೂಲೆಯನ್ನೂ ನೋಡಿ ಬಂದರು. ಅವರ ತುಟಿ ಏನೋ ಕೂಡಿಸಿ ಕಳೆಯುತ್ತಿತ್ತು.

"ಇಷ್ಟು ಸಣ್ಣ ಪಾತ್ರೇಲಿ ಅಷ್ಟು ಮಾಲು ಹಿಡಿಯೋಲ್ಲ" ಎಂದು ಕೊನೆಗೆ ತೀರ್ಪು ಕೊಟ್ಟರು. "ಮರಿ ನಿರಪರಾಧಿ." ರಿಜಿಸ್ಟರಿನ ಸಾಲು ಹೊಡೆದುಹಾಕಿದರು.

ಜನ ಚಪ್ಪಾಳೆ ತಟ್ಟಿದರು. ನನ್ನವಳು ಕುರ್ಚಿಯನ್ನು ಮುಟ್ಟದೆಯೇ ಕೋಲು ಹಿಡಿದು ಮರದವರೆಗೆ ನಡೆದು ಬಂದು ಮರಿಯನ್ನು ಎತ್ತಿಕೊಂಡಳು. ನಾನೂ ಹಲ್ಲು ಕಿರಿಯುತ್ತ ಪಕ್ಕಕ್ಕೆ ಹೋಗಿ ನಿಂತೆ. ಅವಳು ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, ಕಾರ್ಯದರ್ಶಿಗಳ ಕಡೆ ತಿರುಗಿ ಬಹಳ ವಿನಯದಿಂದ ಕೇಳಿದಳು:

"ಸಾರ್, ಮರಿಗೆ ಹತ್ತು ದಿನ ಕೊಟ್ಟಿದ್ರಿ, ಕಲ್ತ್ಕೊಳ್ತು. ಇವರಿಗೆ ಎಷ್ಟು ದಿನ ಕೊಡ್ತೀರಿ?"