ಬಂಡೆ ಸಂದಿಯಲ್ಲಿ ಸಿಕ್ಕಿಕೊಂಡ ನನ್ನ ಖಂಡನೆ

ಆ ಸಿನಿಮಾದ ಅಭಿಮಾನಿಗಳನ್ನು ಸರಿದಾರಿಗೆ ತರುವ ಹೊಣೆಯನ್ನು ನನಗೆ ಯಾರೂ ವಹಿಸಿರಲಿಲ್ಲ. ನಾನೇ ವಹಿಸಿಕೊಂಡೆ. ಆರು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಸೋಲನ್ನೇ ಕಾಣದವನ ಕಣ್ಣಿಗೆ ಇಂಥ ಹೊಣೆಗಳು ತಾವಾಗಿಯೇ ಬೀಳುತ್ತವೆ.

ಸಿನಿಮಾದ ಕಥೆ ಇಷ್ಟೇ. ಇಪ್ಪತ್ತೆರಡರ ಹುಡುಗನೊಬ್ಬ ಯಾರಿಗೂ ಹೇಳದೆ ಮನೆ ಬಿಟ್ಟು ಕಾಡು ಸೇರುತ್ತಾನೆ. ಬೆಟ್ಟ ಹತ್ತುತ್ತಾನೆ, ಹೊಳೆ ದಾಟುತ್ತಾನೆ, ಜಿಂಕೆಯನ್ನು ನೋಡಿ ಅಳುತ್ತಾನೆ. ಕೊನೆಗೆ ಹಸಿವಿನಿಂದ ಬಳಲಿ ಮರಕ್ಕೆ ಒರಗಿ, ನಕ್ಕು, ಕಣ್ಣು ಮುಚ್ಚುತ್ತಾನೆ. ಪರದೆ ಕಪ್ಪಾಗುತ್ತದೆ.

ಪರದೆ ಕಪ್ಪಾದದ್ದೇ ತಡ, ಕೊಪ್ಪಳ ಎರಡು ಹೋಳಾಯಿತು! ಹುಡುಗ ಸತ್ತ ಎನ್ನುವವರದು ಒಂದು ಪಕ್ಷ, ಬದುಕಿದ್ದಾನೆ ಎನ್ನುವವರದು ಇನ್ನೊಂದು. ಚಹಾದಂಗಡಿಯಲ್ಲಿ ಇವರ ಬೆಂಚಿನ ಮೇಲೆ ಅವರು ಕೂರುತ್ತಿರಲಿಲ್ಲ. ಕುಷ್ಟಗಿಯಲ್ಲೊಬ್ಬ ಗಡ್ಡ ಬಿಟ್ಟ. ಯಲಬುರ್ಗಾದ ಇನ್ನೊಬ್ಬ ನಾನೂ ಅಲೆಮಾರಿಯಾಗುತ್ತೇನೆಂದು ಬಸ್ಸು ಹತ್ತಿ ಹೋದವನು, ಟವೆಲ್ ಮರೆತೆನೆಂದು ಗದಗಿನಿಂದ ವಾಪಸು ಬಂದ. ಗೊಬ್ಬರದ ಅಂಗಡಿ ಇಟ್ಟಿರುವ ನನ್ನ ಗೆಳೆಯ ಶರಣಪ್ಪ ‘ಬದುಕಿದ’ ಪಕ್ಷದ ಮುಖಂಡ. ಸಿನಿಮಾವನ್ನು ಏಳು ಸಲ ನೋಡಿದ್ದ. ಪ್ರತಿ ಸಲವೂ ಕೊನೆಯಲ್ಲಿ ನನ್ನ ತೋಳು ಹಿಡಿದು, “ಈ ಸಲ ಕಣ್ಣ ತೆಗೀತಾನ ನೋಡು” ಎನ್ನುತ್ತಿದ್ದ. ಹುಡುಗ ತೆಗೆಯುತ್ತಿರಲಿಲ್ಲ.

ಒಂದು ಭಾನುವಾರ ಎರಡೂ ಪಕ್ಷದವರು ಸೇರಿ ಗ್ರಂಥಾಲಯದ ಸಭಾಂಗಣದಲ್ಲಿ ಚರ್ಚೆ ಇಟ್ಟರು. ನಾನು ಎದ್ದು ನಿಂತೆ.

“ಸತ್ತನೋ ಬದುಕಿದನೋ ಎಂಬುದು ಅಪ್ರಸ್ತುತ. ಆತ ದಡ್ಡ ಎಂಬುದಷ್ಟೇ ಪ್ರಸ್ತುತ. ಸರಿಯಾದ ಯೋಜನೆ ಇದ್ದಿದ್ದರೆ ಆತ ಹಸಿಯುವ ಪ್ರಶ್ನೆಯೇ ಬರುತ್ತಿರಲಿಲ್ಲ!”

ಎರಡೂ ಪಕ್ಷಗಳು ಆ ಕ್ಷಣವೇ ಒಂದಾದವು. ನನ್ನ ವಿರುದ್ಧ.

“ಬಾಯಿಲೆ ಗುಡ್ಡಾ ಹತ್ತೂದು ಸಸಾರ ಐತಿ, ವೀರೇಶ. ಕಾಲಿಲೆ ಹತ್ತಿ ತೋರಸು. ಒಂದ ದಿನ ಒಬ್ಬನ ಇದ್ದು ಬಾ,” ಎಂದ ಶರಣಪ್ಪ.

“ಎರಡು!” ಎಂದೆ. ಎರಡನ್ನು ಯಾರೂ ಕೇಳಿರಲಿಲ್ಲ.

ಷರತ್ತುಗಳು ಅಲ್ಲೇ ಸಿದ್ಧವಾದವು. ಗುಡ್ಡದಲ್ಲಿ ಎರಡು ದಿನ ಒಬ್ಬನೇ ಇರಬೇಕು. ಇನ್ನೊಬ್ಬರ ಕೈಯ ಊಟ ಕೂಡದು, ಇನ್ನೊಬ್ಬರ ಸಹಾಯ ಕೂಡದು. ಗೆದ್ದರೆ ಅಭಿಮಾನಿ ಸಂಘ ವಿಸರ್ಜನೆ. ಸೋತರೆ ಮುಂದಿನ ಭಾನುವಾರ ಇದೇ ವೇದಿಕೆಯಲ್ಲಿ ನಾನು ‘ನಾನು ಸೋತೆ’ ಎಂಬ ಎರಡೇ ಪದ ಹೇಳಿ ಕೂರಬೇಕು. ಮೂರನೆಯ ಪದಕ್ಕೆ ಅವಕಾಶವಿಲ್ಲ. ಕಾರಣ, ಹಿನ್ನೆಲೆ, ಉಪಸಂಹಾರ ಯಾವುದೂ ಇಲ್ಲ! ನನ್ನಂಥವನಿಗೆ ಇದು ಹೆಚ್ಚುಕಡಿಮೆ ಗಲ್ಲುಶಿಕ್ಷೆ.

ಅವ್ವನಿಗೆ ಹೇಳಿದೆ. ಆಕೆ ಬೇರೆಯದೇ ಚಿಂತೆಗೆ ಬಿದ್ದಳು. “ಎರಡು ದಿನ ಉಣ್ಣದ ಇರತಿ, ಒಪ್ಪಿದೆ. ಮಾತಾಡದ ಹೆಂಗ ಇರತೀಯೋ ಯಪ್ಪಾ?”

ಸಿನಿಮಾದ ಹುಡುಗ ಮಾಡಿದ ತಪ್ಪನ್ನು ನಾನು ಮಾಡಲಿಲ್ಲ. ಹಗ್ಗ, ಟಾರ್ಚು, ಕೊಡೆ, ನೀರು, ಶೇಂಗಾ, ಬೆಲ್ಲ, ಮುಲಾಮು, ಜೊತೆಗೆ ಖಂಡನೆಯ ಅಂಶಗಳನ್ನು ಬರೆದುಕೊಳ್ಳಲು ಇನ್ನೂರು ಪುಟದ ನೋಟ್‌ಬುಕ್ಕು. ಚೀಲ ಎಷ್ಟು ಉಬ್ಬಿತ್ತೆಂದರೆ ಕಂಡಕ್ಟರ್ ಅದಕ್ಕೂ ಒಂದು ಟಿಕೆಟ್ ಹರಿದ. ಬೆಳಿಗ್ಗೆ ಎಂಟಕ್ಕೆ ಗಂಗಾವತಿ ದಾರಿಯ ಬಂಡೆಗುಡ್ಡದ ಬುಡದಲ್ಲಿ ಇಳಿದೆ. ಅರಣ್ಯವಾಸ ಆರಂಭ!

ಹತ್ತು ನಿಮಿಷವಾಗಿರಲಿಲ್ಲ. ಕಟ್ಟಿಗೆ ಹೊರೆ ಹೊತ್ತ ಮುದುಕರೊಬ್ಬರು ಎದುರಾದರು.

“ಯಾರ ಪೈಕಿ ತಮ್ಮಾ?”

“ಯಾರ ಪೈಕಿನೂ ಅಲ್ರಿ. ಒಬ್ಬನ ಇರಾಕ ಬಂದೀನಿ.”

ಮುದುಕರು ಹೊರೆ ಇಳಿಸಿದರು. “ಹೇಣ್ತಿ ಕೂಡ ಜಗಳೇನು?”

ನನಗೆ ಮದುವೆಯಾಗಿಲ್ಲವೆಂದು ಸಾಧಿಸುವುದರಲ್ಲಿ ಅರ್ಧ ಗಂಟೆ ಹೋಯಿತು. ಅವರು ನಂಬಲಿಲ್ಲ. “ನೀನ ಮದಲ ಮಾತಾಡಸು, ಸಣ್ಣಾವ ಆಗೂದಿಲ್ಲ” ಎಂದು ಬುದ್ಧಿ ಹೇಳಿ ಹೋದರು.

ಇನ್ನಷ್ಟು ಮೇಲೆ ಸೀತಾಫಲ ಕೀಳುತ್ತಿದ್ದ ಇಬ್ಬರು ಹೆಂಗಸರು. ಬೇಡವೆಂದರೂ ಮಡಿಲಿನಿಂದ ನಾಲ್ಕು ಹಣ್ಣು ತೆಗೆದರು. “ತಿನ್ನೋ, ಎಷ್ಟ ಸೊರಗೀದಿ!” ನಾನು ಓಡಿದೆ. ನಮ್ಮ ಸೀಮೆಯಲ್ಲಿ ಮನುಷ್ಯ ಒಬ್ಬನೇ ನಿಂತದ್ದು ಕಂಡರೆ ಸಾಕು, ಯಾರಾದರೂ ಬಂದು ಉಣ್ಣಿಸಿಬಿಡುತ್ತಾರೆ. ಯೋಜನೆಯಲ್ಲಿ ನಾನು ಚಿರತೆಗೆ ಉಪಾಯ ಮಾಡಿದ್ದೆ. ಇದಕ್ಕೆ ಮಾಡಿರಲಿಲ್ಲ.

ಅಷ್ಟರಲ್ಲಿ ಕುರಿಗಳ ಗಂಟೆ ಸದ್ದು ಕೇಳಿತು. ಇನ್ನೊಮ್ಮೆ ಬೇಡವೆನ್ನುವ ಶಕ್ತಿ ನನಗಿರಲಿಲ್ಲ. ಎರಡು ಬಂಡೆಗಳ ನಡುವಿನ ಸಂದಿಗೆ ನುಗ್ಗಿದೆ. ನಾನು ಹೋದೆ. ಚೀಲ ಅರ್ಧ ಬಂತು. ಆಮೇಲೆ ಇಬ್ಬರೂ ಎತ್ತಲೂ ಹೋಗಲಿಲ್ಲ.

ಮೊದಲು ಒಂದು ಟಗರು ಇಣುಕಿತು. ಅದರ ಹಿಂದೆ ಹೆಗಲ ಮೇಲೆ ಕಂಬಳಿ ಹೊದ್ದ, ಅರವತ್ತರ ಆಸುಪಾಸಿನ ಹೆಂಗಸು. ಹೆಸರು ದುರಗವ್ವ ಎಂದು ಆಮೇಲೆ ತಿಳಿಯಿತು.

“ಅಲ್ಲೇನ ಮಾಡಾಕತ್ತೀಯೋ?”

“ವಿಶ್ರಾಂತಿ ತಗೊಳ್ಳಾಕತ್ತೀನ್ರಿ.”

“ಕಾಲು ನೆಲಕ್ಕ ಮುಟ್ಟಿಲ್ಲಲ್ಲೋ!”

ನಾನು ನೇತಾಡುತ್ತಲೇ ಷರತ್ತುಗಳನ್ನು ಕ್ರಮವಾಗಿ ವಿವರಿಸಿದೆ. “ನಾನಾಗಿ ಸಹಾಯ ಕೇಳಿಲ್ಲ ಅನ್ನೂದನ್ನ ತಾವು ಗಮನಿಸಬೇಕು,” ಎಂದು ಮುಗಿಸಿದೆ.

“ಕುರಿಮರಿನೂ ಕೇಳೂದಿಲ್ಲಪ,” ಎಂದು ಆಕೆ ಕುಡುಗೋಲಿನಿಂದ ಚೀಲದ ಪಟ್ಟಿ ಕೊಯ್ದಳು. ನನ್ನ ಎರಡೂ ತೋಳು ಹಿಡಿದಳು. “ಉಸರು ಹೊರಗ ಬಿಡು. ಬಾಯಿ ಮುಚ್ಚು. ಜಗ್ಗತೀನಿ.”

ಉಸಿರು ಬಿಟ್ಟೆ. ಒಂದು ಗೇಣು ಸರಿದೆ. ಆಗ ಒಂದು ಮುಖ್ಯವಾದ ಅಂಶ ಹೊಳೆಯಿತು. “ಆದರ ಅವ್ವಾ...” ಎಂದು ಉಸಿರೆಳೆದುಕೊಂಡೆ. ಎದೆ ಉಬ್ಬಿತು. ಮತ್ತೆ ಸಿಕ್ಕಿಕೊಂಡೆ!

“ಬಾಯಿ ಮುಚ್ಚಂತ ಹೇಳಲಿಲ್ಲೇನು?”

“ಹಂಗಲ್ರಿ, ತಾತ್ವಿಕವಾಗಿ...” ಮತ್ತೆ ಸಿಕ್ಕಿಕೊಂಡೆ!

“ನಿನಗಿಂತ ನನ್ನ ಟಗರು ಛಲೋ. ಒಮ್ಮೆ ಗದರಿದರ ಸುಮ್ಮಕ ಆಗತೈತಿ.”

ಟಗರು ನನ್ನನ್ನೇ ನೋಡುತ್ತಿತ್ತು. ವಾದ ಮಾಡಬೇಕಾದರೆ ಉಸಿರು ಬೇಕು, ಉಸಿರೆಳೆದರೆ ಎದೆ ಉಬ್ಬುತ್ತದೆ, ಎದೆ ಉಬ್ಬಿದರೆ ಬಂಡೆ ಬಿಡುವುದಿಲ್ಲ. ಇದಕ್ಕೆ ಪ್ರತಿವಾದವೇ ಇರಲಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ಉತ್ತರ ಕೊಡದೆ ಉಸಿರು ಬಿಟ್ಟೆ. ಆಕೆ ಜಗ್ಗಿದಳು. ಮೂಲಂಗಿಯ ಹಾಗೆ ಕಿತ್ತು ಬಂದೆ!

ಮೊಣಕೈ ಎರಡೂ ತರಚಿದ್ದವು. ದುರಗವ್ವ ನನ್ನನ್ನು ನೆರಳಿಗೆ ಕೂರಿಸಿ ಬುತ್ತಿ ಬಿಚ್ಚಿದಳು. ಜೋಳದ ರೊಟ್ಟಿ, ಪುಂಡಿಪಲ್ಯ.

“ಷರತ್ತಿನ ಪ್ರಕಾರ...” ಎಂದೆ.

“ಉಂಡ ಮ್ಯಾಲ ಹೇಳು.”

ಉಂಡೆ. ಉಣ್ಣುತ್ತಾ, ಇಷ್ಟಕ್ಕೆಲ್ಲ ಕಾರಣವಾದ ಸಿನಿಮಾದ ಕಥೆ ಹೇಳಿದೆ. ಹುಡುಗನ ದಡ್ಡತನವನ್ನು ಎತ್ತಿ ತೋರಿಸಲು ವಿಶೇಷ ಶ್ರಮ ವಹಿಸಿದೆ. ಆಕೆ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

“ಉಂಡಿಯೇನಂತ ಕೇಳಾಕ ಆ ಅಡವ್ಯಾಗ ಯಾರೂ ಇರಲಿಲ್ಲೇನು?”

“ಇರಲಿಲ್ರಿ.”

“ಯಾರಂದ್ರ ಯಾರೂ?”

“ಯಾರೂ ಇಲ್ಲ.”

“ಪಾಪ, ನನ ಮಗನ...” ಎಂದು ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬುತ್ತಿಯಲ್ಲಿ ಉಳಿದಿದ್ದ ಕೊನೆಯ ರೊಟ್ಟಿಯನ್ನು, ಆ ಹುಡುಗನಿಗೆ ಮುಟ್ಟಿಸು ಎನ್ನುವಂತೆ ನನ್ನ ಕೈಗಿಟ್ಟಳು. ಸಿನಿಮಾ ನೋಡುವಾಗ ಒಂದು ಹನಿಯೂ ಬರದಿದ್ದ ನನ್ನ ಕಣ್ಣಲ್ಲಿ ಆಗ ನೀರು ಬಂತು. ಪುಂಡಿಪಲ್ಯ ಖಾರವಾಗಿತ್ತು ಎಂದು ಬರೆದುಕೊಳ್ಳೋಣವೆಂದರೆ ನೋಟ್‌ಬುಕ್ಕು ಸಂದಿಯಲ್ಲೇ ಉಳಿದಿತ್ತು.

“ಹೊತ್ತು ಮುಳುಗಾಕ ಬಂತೇನ್ರಿ?” ಎಂದು ಕೇಳಿದೆ.

ಆಕೆ ಸೂರ್ಯನ ಕಡೆ ನೋಡಿದಳು. “ಇನ್ನೂ ಹನ್ನೊಂದ ಆಗಿಲ್ಲ.”

ಮೂರು ಗಂಟೆ! ನನ್ನ ಎರಡು ದಿನದ ಅರಣ್ಯವಾಸ ಮೂರು ಗಂಟೆಯೂ ತುಂಬದೆ ಮುಗಿದಿತ್ತು.

ಆಕೆ ಕೈ ಹಿಡಿದು ಕೆಳಗಿಳಿಸಿದಳು. ಬುಡದ ಬೇವಿನ ಮರದಡಿ ನೋಡುತ್ತೇನೆ, ಎರಡೂ ಪಕ್ಷದವರು ಒಂದೇ ಜಮಖಾನದ ಮೇಲೆ ಕುಳಿತಿದ್ದಾರೆ! ಮಾರುದ್ದದ ಏಣಿ, ಔಷಧದ ಡಬ್ಬಿ, ಯಾರದೋ ಟ್ರ್ಯಾಕ್ಟರು. ನನ್ನ ಬಸ್ಸಿನ ಬೆನ್ನಿಗೇ ಬಂದು, ನಾನು ಎಲ್ಲಾದರೂ ಬಿದ್ದೇನೆಂದು ಕಾಯುತ್ತಿದ್ದರಂತೆ. ದಡ್ಡನ ಅಭಿಮಾನಿಗಳೆಂದು ನಾನು ಹೀಯಾಳಿಸಿದ ಜನ! ಕೇಕೆ ಹಾಕುತ್ತಾರೆಂದು ತಲೆ ತಗ್ಗಿಸಿದೆ. ಶರಣಪ್ಪ ಓಡಿಬಂದ.

“ಉಂಡಿಯೇನಲೇ?”

“ಉಂಡೆ.”

“ಹಂಗಾರ ಸೋತಿ,” ಎಂದ. ಆದರೆ ಮೊಣಕೈಗೆ ಔಷಧ ಎಷ್ಟು ಮೆತ್ತಗೆ ಹಚ್ಚುತ್ತಿದ್ದನೆಂದರೆ, ಆಕ್ಷೇಪಣೆ ಎತ್ತಲು ನನಗೆ ಮನಸ್ಸಾಗಲಿಲ್ಲ.

ಭಾನುವಾರದ ಹೊತ್ತಿಗೆ ಮನಸ್ಸಾಗಿತ್ತು! ಕೇಳದೆ ಬಂದ ಸಹಾಯ ಸಹಾಯವೇ ಅಲ್ಲ ಎಂಬುದರಿಂದ ಹಿಡಿದು ಏಳು ಅಂಶ ಸಿದ್ಧ ಮಾಡಿಕೊಂಡು ವೇದಿಕೆ ಹತ್ತಿದೆ. ಸಭಾಂಗಣ ಕಿಕ್ಕಿರಿದಿತ್ತು. ಮೊದಲ ಸಾಲಿನಲ್ಲಿ ಏಣಿ ಹೊತ್ತು ಬಂದವರು, ಟ್ರ್ಯಾಕ್ಟರು ತಂದವನು, ಶರಣಪ್ಪ. ಅವರ ಮುಖ ನೋಡಿದೆ. ಏಳು ಅಂಶಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

“ನಾನು ಸೋತೆ,” ಎಂದೆ. ಕುಳಿತೆ.

ಎಲ್ಲರೂ ‘ಆದರೆ’ಗಾಗಿ ಕಾಯುತ್ತಿದ್ದರು.

“ಮುಗೀತೇನು?” ಎಂದ ಶರಣಪ್ಪ, ನಂಬಲಾಗದೆ.

ತಲೆಯಾಡಿಸಿದೆ. ಚಪ್ಪಾಳೆ ಶುರುವಾಯಿತು ನೋಡಿ! ಆರು ವರ್ಷದ ನನ್ನ ಭಾಷಣಗಳಿಗೆಲ್ಲ ಸೇರಿಸಿದರೂ ಅಷ್ಟು ಬಿದ್ದಿರಲಿಲ್ಲ. ಶಿಳ್ಳೆ ಬೇರೆ! ಇಂಥ ಜನರಿಗೆ ಒಂದೇ ಒಂದು ಮಾತಿನಲ್ಲಿ ಕೃತಜ್ಞತೆ ಹೇಳೋಣವೆಂದು ಎದ್ದು ನಿಂತೆ.

“ಕುಂದರಲೇ!” ಎಂದವು ಎರಡೂ ಪಕ್ಷಗಳು, ಒಂದೇ ದನಿಯಲ್ಲಿ.