ತೂಬಿನ ಕಲ್ಲಿನ ಮೇಲಿನ ಆರು

ನಾನು ನಾಲ್ಕನೇ ಕ್ಲಾಸಿನ ತನಕ ಓದಿದವಳು. ದಢೇಸುಗೂರಿನ ನಮ್ಮ ಓಣಿಯ ಸೊಸೆಯರಲ್ಲಿ ಅಷ್ಟು ವಿದ್ಯಾವಂತೆ ಇನ್ನೊಬ್ಬಳಿರಲಿಲ್ಲ. ಆ ವರ್ಷದ ಅನಾಹುತಕ್ಕೆಲ್ಲ ಆ ಓದೇ ಕಾರಣ.

ಕಾಲುವೆಗೆ ನೀರು ಬಂದ ಹೊಸತು. ಜೋಳ ಬೆಳೆಯುತ್ತಿದ್ದ ನಮ್ಮ ಮನೆಯವರು ಮೊದಲ ಸಲ ನೆಲ್ಲಿಗೆ ಕೈ ಹಾಕಿದ್ದರು. ಮೊಳಕೆ ಬರಿಸಿದ ಬೀಜವನ್ನು ಹೊಲದ ಮೂಲೆಯ ಸಸಿ ಮಡಿಯಲ್ಲಿ ಚೆಲ್ಲಿಯಾಗಿತ್ತು. ಇದ್ದ ಬೀಜವೆಲ್ಲ ಅಷ್ಟೇ. ಅದು ಕೆಟ್ಟರೆ ಆ ವರ್ಷ ಹೊಲ ಬೀಳು.

ಅಷ್ಟರಲ್ಲಿ ಪಾಮನಕಲ್ಲೂರಿನಲ್ಲಿ ಅವರ ಅಕ್ಕನಿಗೆ ಹುಷಾರಿಲ್ಲವೆಂದು ಸುದ್ದಿ ಬಂತು. ಹೊರಡುವ ಮೊದಲು ಅವರು ನನ್ನನ್ನು ತೂಬಿನ ಹತ್ತಿರ ಕರೆದುಕೊಂಡು ಹೋದರು. ತೂಬೆಂದರೆ ಕಾಲುವೆಯ ನೀರನ್ನು ಹೊಲಕ್ಕೆ ಬಿಡುವ ಕಿಂಡಿ. ಕಬ್ಬಿಣದ ಹಿಡಿಕೆ ತಿರುವಿದರೆ ಅದರ ಹಲಗೆ ನಿಧಾನವಾಗಿ ಮೇಲೇಳುತ್ತದೆ.

"ಇಲ್ನೋಡು, ಆರು ಸುತ್ತು. ಹಲಗಿ ಎರಡು ಬೆರಳು ಏಳತೈತಿ. ಮಡಿಗೆ ಅಷ್ಟ ಸಾಕು. ನೆನಪಿಡತೀಯಲ್ಲ?"

ನೆನಪಿಡುವುದು ಓದದವರ ಕೆಲಸ. ನಾನು ಕಡ್ಡಿಯನ್ನು ಡಾಂಬರಿನಲ್ಲಿ ಅದ್ದಿ, ತೂಬಿನ ಕಲ್ಲಿನ ಮೇಲೆ ಅಂಗೈಯಗಲದ ಆರು ಬರೆದೆ.

"ಆರು ಏನಂತ ಬರಿ," ಅಂದರು.

"ಬರದಾಕಿ ನಾನ, ಓದಾಕಿ ನಾನ. ನನಗ ತಿಳಿಯಂಗಿಲ್ಲೇನ್ರೀ?"

ಅವರು ಎಮ್ಮೆಗೆ ಎಷ್ಟು ಬೊಗಸೆ ಹಿಂಡಿ, ಮಗುವಿಗೆ ಎಷ್ಟು ಹನಿ ಔಷಧ ಎಂದು ಇನ್ನಷ್ಟು ಅಂಕಿಗಳನ್ನು ನನ್ನ ತಲೆಗೆ ತುರುಕಿ ಬಸ್ಸು ಹತ್ತಿದರು.

ನಮ್ಮ ನೀರಿನ ಪಾಳಿ ಬಂದ ದಿನ ಕಲ್ಲಿನ ಮುಂದೆ ನಿಂತೆ. ಆರು ಇತ್ತು. ಅಕ್ಷರವೂ ಚೆಂದಾಗಿಯೇ ಇತ್ತು. ಆರು ಏನು ಎಂಬುದು ಮಾತ್ರ ಎಲ್ಲಿಯೂ ಇರಲಿಲ್ಲ, ತಲೆಯಲ್ಲಿಯೂ.

ಪಕ್ಕದ ಹೊಲದಲ್ಲಿ ಕಳೆ ಕೀಳುತ್ತಿದ್ದ ಕಾಸಿಂಬಿಯನ್ನು ಕರೆದೆ.

"ಆರು ಬೆರಳು ಇರಬೇಕವಾ," ಅಂದಳು. "ನಮ್ಮ ಕಡೆ ಎಲ್ಲಾ ಬೆರಳಿಲೇನ ಅಳೀತಾರ."

ಆಂಧ್ರದಿಂದ ಬಂದು ಆಚೆ ಪಕ್ಕದ ತಗ್ಗಿನ ಹೊಲ ಮಾಡುತ್ತಿದ್ದ ಸುಬ್ಬಮ್ಮನೂ ಬಂದಳು. "ಬೆರಳೇನಮ್ಮಾ, ಇದು ಸರ್ಕಾರದ ತೂಬು. ಇಂಜಿನಿಯರು ಇಂಚಲ್ಲೇ ಮಾತಾಡ್ತಾರೆ. ಆರು ಇಂಚು."

"ಇದನ್ನ ಬರದವರ‍್ಯಾರು?" ಕಾಸಿಂಬಿ ಕೇಳಿದಳು.

"ನಾನ."

"ಮತ್ತ ನೀನ ಹೇಳಬೇ."

ಸಭೆಯ ಮೂವರಲ್ಲಿ ನೆಲ್ಲು ಬೆಳೆದು ಗೊತ್ತಿದ್ದವಳು ಸುಬ್ಬಮ್ಮ ಒಬ್ಬಳೇ. ಹಾಗಾಗಿ ಇಂಚು ಬಹುಮತದಿಂದ ಅಂಗೀಕಾರವಾಯಿತು. ಹೆಬ್ಬೆರಳಿನ ಗಿಣ್ಣನ್ನೇ ಇಂಚೆಂದು ಹಿಡಿದು, ಒಬ್ಬರಾದ ಮೇಲೊಬ್ಬರು ಹಿಡಿಕೆ ತಿರುವಿದೆವು. ತೋಳು ಸೋತವು.

"ಇಷ್ಟು ತ್ರಾಸು ತೊಗೊಂಡೀವಿ ಅಂದಮ್ಯಾಲ ಕೆಲಸ ಸರೀನ ಆಗಿರಬೇಕು," ಎಂದೆ.

ಕಾಸಿಂಬಿ ಸೊಂಟ ಹಿಡಿದುಕೊಂಡು, "ಯವ್ವಾ, ಎಷ್ಟು ಸುತ್ತು ಆದವ ಇವು?" ಅಂದಳು.

ಆಗ ನನಗೆ ನೆನಪಾಯಿತು.

ಅಷ್ಟರಲ್ಲಿ ನೀರು ಮಡಿಯ ಬದು ದಾಟಿತ್ತು. ಮೊಳಕೆ ಬೀಜ ತೇಲುತ್ತ, ದಿಬ್ಬಣದ ಹಾಗೆ ಸುಬ್ಬಮ್ಮನ ಹೊಲದ ಕಡೆ ಹೊರಟಿತ್ತು. ತೆರೆಯಲು ಎಷ್ಟು ತಿರುವಿದ್ದೆವೋ ಮುಚ್ಚಲೂ ಅಷ್ಟೇ ತಿರುವಬೇಕಲ್ಲ. ಮುಚ್ಚಿ, ಓಡಿ, ಮೂವರೂ ಸೆರಗು ಒಡ್ಡಿದೆವು. ಸೆರಗಿನ ತುಂಬ ಕೆಸರು ಸಿಕ್ಕಿತು. ಬೀಜ ಸಿಕ್ಕಿದ್ದು ಒಂದು ಹಿಡಿ.

ಅಕ್ಕ ಚೇತರಿಸಿಕೊಂಡ ಮೇಲೆ ನಮ್ಮವರು ಊರಿಗೆ ಬಂದರು. ಬರಿದಾದ ಮಡಿಯನ್ನು ನೋಡಿ ಬದುವಿನ ಮೇಲೆ ಕೂತುಬಿಟ್ಟರು. ಆಗ ಸುಬ್ಬಮ್ಮ ಆಚೆಯಿಂದ ಕೂಗಿದಳು: "ಅಣ್ಣಾ, ನಿಮ್ಮ ಸಸಿ ಎಲ್ಲಾ ನಮ್ಮ ಹೊಲದಲ್ಲಿ ಎದ್ದಿದಾವೆ. ನಾಟಿಗೆ ಕಿತ್ತುಕೊಂಡು ಹೋಗಿ." ಹೋಗಿ ನೋಡಿದರೆ ಅರ್ಧ ಹೊಲಕ್ಕೆ ಸಾಲುವಷ್ಟು ಸಸಿ ಹಸಿರಾಗಿ ನಿಂತಿತ್ತು. ಅವರಿಗೆ ಜೀವ ಬಂತು.

ನನಗೂ ಧೈರ್ಯ ಬಂತು. ಅವರು ಬರುವ ಮೊದಲೇ ನಾನು ಆರರ ಕೆಳಗೆ ದಪ್ಪಗೆ 'ಸುತ್ತು' ಎಂದು ಬರೆದಿಟ್ಟಿದ್ದೆ. ಕರೆದುಕೊಂಡು ಹೋಗಿ ತೋರಿಸಿದೆ. ಇನ್ನು ಯಾರು ಬಂದು ಓದಿದರೂ ತಪ್ಪಾಗುವಂತಿಲ್ಲ ಎಂದೆ.

ಅವರು ಕಲ್ಲನ್ನು ನೋಡಿದರು, ಹಿಡಿಕೆಯನ್ನು ನೋಡಿದರು.

"ಯಾ ಕಡೆ ಸುತ್ತು?"

ನಾನು ಕಾಸಿಂಬಿಯ ಹೊಲದ ಕಡೆ ನೋಡಿದೆ. ಆಕೆ ಆಗಲೇ ಬಗ್ಗಿ, ಇಲ್ಲದ ಕಳೆ ಕೀಳತೊಡಗಿದ್ದಳು.