ಹೂಂಗುಟ್ಟುವ ಫೋನು

ಮಾತಾಡುವ ಫೋನನ್ನು ಚೀಲದಲ್ಲಿಟ್ಟುಕೊಂಡು ಆಳಂದ, ಅಫಜಲಪುರ, ಜೇವರ್ಗಿ ಅಂತ ಬಸ್ಸು ಬದಲಿಸುತ್ತ ತಿರುಗುವ ನನಗೆ ನಗೋ ಪ್ರಸಂಗಗಳಿಗೇನೂ ಬರವಿಲ್ಲ. ನಾನು ಆಳಂದದವಳೇ. ನಮ್ಮ ಸಣ್ಣ ಕಂಪನಿಯವರು ಎಐ ಒಂದನ್ನು ಮಾಡಿದ್ದಾರೆ. ತೊಗರಿ, ಜೋಳ, ದನಕರು ಏನೇ ಕೇಳಿದರೂ ನಮ್ಮ ಕಡೆಯ ಮಾತಿನಲ್ಲೇ ಉತ್ತರ ಹೇಳುತ್ತದೆ. ಅದನ್ನು ಜನರ ಮುಂದಿಟ್ಟು, ಎಲ್ಲಿ ಎಡವುತ್ತದೆ ಅಂತ ನೋಡಿ ಬರುವುದು ನನ್ನ ಕೆಲಸ. ಮಧ್ಯಾಹ್ನದ ಬಸ್ಸಿನ ಕಿಟಕಿಗೆ ತಲೆ ಆನಿಸಿದರೆ ಕರಿ ಹೊಲ, ಹಳದಿ ತೊಗರಿ ಹೂವು, ಮತ್ತೆ ಕರಿ ಹೊಲ. ಎಚ್ಚರವೋ ಕನಸೋ ತಿಳಿಯುವುದಿಲ್ಲ. ಬಸ್ಸಿಳಿದ ಮೇಲೆ ನಡೆಯುವುದೂ ಅರ್ಧ ಕನಸಿನ ಹಾಗೇ ಇರುತ್ತದೆ.

ಮಲಗಿದ ಫೋನು

ಮೊದಮೊದಲು ಅದಕ್ಕೊಂದು ಕೆಟ್ಟ ಗುಣವಿತ್ತು. ಪ್ರಶ್ನೆಯನ್ನು ದೂರದ ದೊಡ್ಡ ಕಂಪ್ಯೂಟರಿಗೆ ಕಳಿಸಿ, ಉತ್ತರ ಬರುವ ತನಕ ಕಣ್ಣು, ಕಿವಿ, ಬಾಯಿ ಮುಚ್ಚಿ ಕೂತುಬಿಡುತ್ತಿತ್ತು. ಆಗ ಕೂಗಿದರೂ ಕೇಳದು, ಮುಟ್ಟಿದರೂ ತಿಳಿಯದು.

ಮಾದನಹಿಪ್ಪರಗಾದಲ್ಲಿ ಬೇವಿನ ನೆರಳಿಗೆ ಕೂತ ಒಬ್ಬ ವಯಸ್ಸಾದ ಆಯಿ, "ನಮ್ಮ ಎಮ್ಮಿ ಮೇವು ತಿನ್ನವಲ್ದು, ಏನ್ ಮಾಡ್ಲಿ?" ಅಂತ ಕೇಳಿದಳು. ನೆಟ್‌ವರ್ಕ್ ಮಂದ. ಫೋನು ಗಪ್‌ಚಿಪ್.

"ಹಗೂರ ಮಾತಾಡ್ರೇ," ಅಂತ ಆಯಿ ಸುತ್ತಲಿನ ಹೆಂಗಸರಿಗೆ ಗದರಿದಳು. "ಪಾಪ, ಬಿಸಲಾಗ ಬಂದದ, ಮಲಗೇದ." ಅದರ ಮೇಲೆ ತನ್ನ ಸೆರಗು ಹೊದಿಸಿದಳು. ಎಲ್ಲರೂ ಸುಮ್ಮನಾದರು. ಬೇವಿನ ಗಾಳಿ ತೇಲಿ ಬಂತು, ನನಗೂ ಜೊಂಪು ಹತ್ತಿತು. ಎಮ್ಮೆಯ ಮಾತು ಎಲ್ಲರಿಗೂ ಮರೆತೇ ಹೋಗಿದ್ದಾಗ ಸೆರಗಿನೊಳಗಿಂದ ದನಿ ಬಂತು: "ಬಾಯಿ ತಗದು ಹಲ್ಲು ನೋಡ್ರಿ."

ಆಯಿ ಬೆಚ್ಚಿ ಬಾಯಿಗೆ ಕೈ ಅಡ್ಡ ಹಿಡಿದಳು. "ಅಯ್ಯ ನನ್ನಪ್ಪ, ನನಗ ಹಲ್ಲು ಎಲ್ಲಿ ಉಳದಾವ?"

ಮೂಗುದಾರ

ಇದನ್ನು ಆಫೀಸಿಗೆ ತಿಳಿಸಿದೆ. ಅಲ್ಲಿನವರು ಅದನ್ನು ನಾನ್-ಬ್ಲಾಕಿಂಗ್ ಮಾಡಿಕೊಟ್ಟರು. ಅಂದರೆ ಒಂದು ಪ್ರಶ್ನೆ ಕಳಿಸಿ ಕಾಯುತ್ತಲೇ ಇನ್ನೊಂದನ್ನು ಕೇಳಿಸಿಕೊಳ್ಳುತ್ತದೆ. ಯಾವ ಉತ್ತರ ಮೊದಲು ಬಂತೋ ಅದನ್ನು ಮೊದಲು ಹೇಳುತ್ತದೆ. ಆದರೆ ಯಾರ ಉತ್ತರ ಯಾರಿಗೆ ಅನ್ನುವುದನ್ನು ಕಲಿಸುವುದು ಮರೆತಿದ್ದರು.

ಜೇವರ್ಗಿಯ ಚಹದಂಗಡಿಯಲ್ಲಿ ಒಬ್ಬ ಹಿರಿಯ ಮುತ್ಯಾ ಕೇಳಿದ: "ನಮ್ಮ ಎತ್ತು ಹಗ್ಗ ಹಿಡದ್ರ ತಲಿ ಕೊಡವ್ತದ, ಯಾಕ?" ಅವನ ಪಕ್ಕದಲ್ಲಿದ್ದ ಕಾಕಾ ಮೊನ್ನೆಯಷ್ಟೇ ಮಗಳ ಮದುವೆ ಮಾಡಿದ್ದ. ಅವನೂ ಫೋನಿನತ್ತ ಬಗ್ಗಿದ. "ಹೊಸಾ ಅಳಿಯ ಮನಿಗಿ ಬಂದ್ರ ಮಾರಿ ಕೆಳಗ ಹಾಕ್ಕೊಂಡು ಕುಂದರ್ತಾನ, ಮಾತೇ ಆಡವಲ್ಲ. ಏನ್ ಮಾಡ್ಬೇಕು?"

ಮುತ್ಯಾನಿಗೆ ಉತ್ತರ ಬಂತು: "ಹೊಸದಾಗಿ ಬಂದಾರ, ನಾಚಿಕಿ ಇರ್ತದ. ಒಂದು ಜೋಡಿ ಬಟ್ಟಿ ಕೊಡಸ್ರಿ." ಮುತ್ಯಾ ಚಹದ ಕಪ್ಪು ಕೆಳಗಿಟ್ಟು ನನ್ನನ್ನು ನೋಡಿದ. "ಎತ್ತಿಗಿ ಅಳತಿ ಯಾರ್ ತಗೋತಾರಂತ ಕೇಳ್ಬೇ."

ಅಷ್ಟರಲ್ಲಿ ಕಾಕಾನಿಗೆ ಬಂತು: "ಮೂಗುದಾರ ಬಿಗಿ ಆಗಿರ್ತದ. ಜರಾ ಸಡ್ಲ ಬಿಡ್ರಿ."

"ತಪ್ಪಾಯ್ತ್ರಿ, ಉತ್ತರ ಅದಲುಬದಲಾಗ್ಯಾವ," ಅಂದೆ ನಾನು.

ಕಾಕಾ ನನಗೆ ಕೈ ಅಡ್ಡ ಮಾಡಿದ. "ಮುತ್ಯಾಂದು ಬದಲಿ ಮಾಡು," ಅಂದ. "ನಂದು ಖರೇ ಅದ. ಮಗಳಿಗಿ ಇವತ್ತೇ ಹೇಳ್ತೇನಿ."

ಮುಂದ ಹೇಳ್ರಿ

ಅದೂ ಸರಿಹೋಯಿತು. ಕಾಯುವಾಗ ಜನರಿಗೆ ಬೇಸರವಾಗಬಾರದೆಂದು, ಹಿಂದೆ ಉತ್ತರ ಹುಡುಕುತ್ತಲೇ ಮುಂದೆ "ಹೂಂ", "ಹೌದಾ", "ಮುಂದ ಹೇಳ್ರಿ" ಅನ್ನುವುದನ್ನೂ ಕಲಿಸಿದರು.

ಅಫಜಲಪುರದ ಕಡೆ ಭೀಮಾ ದಂಡೆಯ ಹಳ್ಳಿ. ಒಬ್ಬ ನಡುವಯಸ್ಸಿನ ಕಾಕು ಜೋಳದ ಕಾಳಿಗೆ ನುಸಿ ಬಿದ್ದದ್ದನ್ನು ಕೇಳುತ್ತ ಕೇಳುತ್ತ, ಆ ಕಾಳು ಬೆಳೆದ ಹೊಲಕ್ಕೆ ಹೋದಳು, ಅಲ್ಲಿಂದ ತವರಿಗೆ, ತವರಿನಿಂದ ಹುಡುಗಿಯಾಗಿದ್ದಾಗ ಈಜಿದ ಹೊಳೆಗೆ. ಹೊಳೆಯ ನಡುವೆ ಅಂಗಾತ ತೇಲಿದರೆ ಮುಗಿಲೇ ತನ್ನ ಮೇಲೆ ಹರಿಯುತ್ತಿತ್ತಂತೆ. ಫೋನು "ಹೂಂ" ಅಂತಿತ್ತು, "ಹೌದಾ" ಅಂತಿತ್ತು. ಬಿಸಿಲು ಹಳದಿಯಾಯಿತು, ನೀರಿಗೂ ಆ ಬಣ್ಣ ಬಂತು. ಕಾಕುವಿನ ದನಿ ಹುಡುಗಿಯ ದನಿಯಾಗಿತ್ತು.

ನನಗೆ ತಡೆಯಲಾಗಲಿಲ್ಲ. "ಕಾಕು, ನೆಟ್ ಹೋಗಿ ಭಾಳ ಹೊತ್ತಾತು. ಅದಕ್ಕೇನೂ ತಿಳದಿಲ್ಲ, ಬರೇ ಹೂಂ ಅನ್ನಾಕತ್ತದ."

ಕಾಕು ಹೊರಸಿನ ಮೇಲೆ ಮಲಗಿದ್ದ ಗಂಡನತ್ತ ಗದ್ದ ತಿರುಗಿಸಿದಳು. "ಈತನೂ ಮದಿವ್ಯಾದಾಗಿಂದ ಅಷ್ಟೇ ಅಂತಾನ. ಇದು 'ಮುಂದ ಹೇಳ್ರಿ' ಅಂತಾದ್ರೂ ಅಂತದ."

"ಹೂಂ," ಅಂದ ಗಂಡ ಹೊರಸಿನ ಮೇಲಿಂದ.

ನೀವು ಹೇಳ್ರಿ

ಕಡೆಗೆ ನಮ್ಮ ಸಾಹೇಬರೇ ಆಳಂದಕ್ಕೆ ಬಂದರು. ಜನ ಒಪ್ಪಿದರೆ ಫೋನುಗಳನ್ನು ಊರುಗಳಲ್ಲಿ ಬಿಡುವುದು, ಇಲ್ಲದಿದ್ದರೆ ಎಲ್ಲ ಗಂಟು ಕಟ್ಟುವುದು, ನನ್ನ ತಿರುಗಾಟವೂ ಮುಗಿದಂತೆ. ತೊಗರಿ ಮಾರಾಟದ ಅಡತಿ ಅಂಗಡಿಯ ಮೇಲಿನ ಹಾಲ್ ತುಂಬಿತ್ತು. ಒಂದು ಕೈಕೊಟ್ಟರೆ ಇರಲಿ ಅಂತ ಎರಡು ಫೋನು ಮೇಜಿನ ಮೇಲಿಟ್ಟೆ. ಎರಡೂ ಚಾಲೂ ಇದ್ದದ್ದು ನನ್ನ ಗಮನಕ್ಕೆ ಬರಲಿಲ್ಲ.

ಸರಸಂಬಾದ ಒಬ್ಬ ರೈತ ಎದ್ದ. "ತೊಗರಿ ಕಾಯಿಗಿ ಹುಳ ಬಿದ್ದಾವ. ಏನ್ ಮಾಡ್ಬೇಕ್ರಿ?"

"ತೊಗರಿ—" ಅಂದವು ಎರಡೂ. ಯಾರಾದರೂ ನಡುವೆ ಮಾತಾಡಿದರೆ ತಾನು ನಿಲ್ಲಿಸಿ ಕೇಳಬೇಕು ಅಂತ ಅವಕ್ಕೆ ಕಲಿಸಿದ್ದರು. ಒಂದರ ದನಿ ಇನ್ನೊಂದರ ಕಿವಿಗೆ ಬಿದ್ದು, ಎರಡೂ ನಿಂತವು.

"ನೀವು ಹೇಳ್ರಿ."

"ಇಲ್ರಿ, ನೀವು ಹೇಳ್ರಿ."

"ಹೂಂ, ಮುಂದ ಹೇಳ್ರಿ."

"ಹೌದಾ? ನೀವು ಹೇಳ್ರಿ."

ಸಾಹೇಬರು "ಏನಿದು?" ಅಂದರು. "ಹೂಂ, ಹೇಳ್ರಿ," ಅಂದವು ಎರಡೂ ಕೂಡಿ.

ಮುಂದಿನ ಸಾಲಿನ ಒಬ್ಬ ಮುತ್ಯಾ ತಲೆಯಾಡಿಸಿದ. "ಬೀಗರು ಹಿಂಗೇ ಇರ್ತಾರ್ರಿ. ನಮ್ಮ ಮಗನ ಮದಿವ್ಯಾಗ ನೀವು ಮೊದಲ ಉಣ್ರಿ, ನೀವು ಮೊದಲ ಉಣ್ರಿ ಅನ್ಕೋತ ಅನ್ನ ಆರಿ ಹೋಗಿತ್ತು."

ಹಾಲ್ ನಗುತ್ತಿರುವಾಗಲೇ ನಾನು ತಡವರಿಸಿ ಒಂದು ಫೋನು ಬಂದ್ ಮಾಡಿದೆ. ಉಳಿದದ್ದು ಸ್ವಲ್ಪ ಕಾಯಿತು. ಆಮೇಲೆ ಮೆಲ್ಲಗೆ ಕೇಳಿತು: "ಯಾಕ್ರಿ ಸುಮ್ನಾದ್ರಿ? ಏನರ ತಪ್ಪು ಮಾತಾಡಿದ್ನೇನ್ರಿ?"

ಮುತ್ಯಾ ಎದ್ದು ಬಂದು ಫೋನಿನ ಮುಂದೆ ಬಗ್ಗಿದ. "ಇಲ್ಲಪ್ಪಾ, ಬೀಗರು ಉಣ್ಲಾಕ ಎದ್ದಾರ. ತೊಗರಿದು ನೀನೇ ಹೇಳು."

"ಕೆಳಗ ಚಾದರ ಹಾಸಿ ಗಿಡ ಅಲ್ಲಾಡಸ್ರಿ, ಹುಳ ಉದುರ್ತಾವ," ಅಂತ ಅದು ಶುರು ಮಾಡಿ, ಒಮ್ಮೆಯೂ ಎಡವದೆ ಪೂರ್ತಿ ಹೇಳಿತು.

ಸಾಹೇಬರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಎರಡೂ ಊರಾಗೇ ಇರ್ಲಿ," ಅಂದರು. "ಆದ್ರ ಬ್ಯಾರೆ ಬ್ಯಾರೆ ಮನಿ ಮಾಡಿಸ್ರಿ."